ಹತ್ತೊಂಬತ್ತು ಮಂದಿ ಹಾಡುತ್ತಿದ್ದ ಕಂಪ್ಯೂಟರು

ಶಿಗ್ಗಾಂವಿಯ ಒಂದು ಕಾಲೇಜಿನ ಕಚೇರಿಗೆ ನಾನು ಗುಮಾಸ್ತಳಾಗಿ ಸೇರಿದ ಮೊದಲನೇ ದಿನ. ಮೂಲೆಯ ಟೇಬಲ್ಲಿನ ಹಿಂದೆ ಕುಳಿತಿದ್ದವರು ತಲೆ ಎತ್ತದೆಯೇ, "ಬರ್ರಿ ಅಕ್ಕಾರ. ಬಂಕಾಪುರದಿಂದ ಬಂದ್ರಿ. ಬಸ್ಸಿನ್ಯಾಗ ನಿಂತ ಬಂದ್ರಿ. ಡಬ್ಬ್ಯಾಗ ಅವಲಕ್ಕಿ ತಂದೀರಿ" ಅಂದರು. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲವೆಂದು ಯಾರೋ ಆಗಷ್ಟೇ ಹೇಳಿದ್ದರು. ಯಾರೋ ಸಿದ್ಧಪುರುಷರು ಎಂದುಕೊಂಡು, ಕಾಣುವುದಿಲ್ಲ ಅನ್ನುವುದನ್ನೂ ಮರೆತು, ಕೈ ಮುಗಿದುಬಿಟ್ಟೆ.

ಆಮೇಲೆ ತಿಳಿಯಿತು, ನಮ್ಮ ಕಚೇರಿಯ ಸಿಪಾಯಿ ನನ್ನದೇ ಬಸ್ಸಿನಲ್ಲಿ ಬಂದು ನನಗಿಂತ ಐದು ನಿಮಿಷ ಮೊದಲು ಒಳಗೆ ಹೋಗಿ ಎಲ್ಲ ವರದಿ ಒಪ್ಪಿಸಿದ್ದ. "ಮತ್ತ ಅವಲಕ್ಕಿ?" ಎಂದು ನಾನು ಪಟ್ಟು ಹಿಡಿದು ಕೇಳಿದೆ. "ಅದು ಅಂದಾಜಿಲೆ ಹೊಡದೆ ತಂಗಿ. ಅಷ್ಟ ಲಗೂ ಬಸ್ ಹತ್ತೋರು ರೊಟ್ಟಿ ಬಡಿಯಾಕ ಯಾವಾಗ ಏಳಬೇಕು?" ಅಂದರು. ಒಂದೇ ಗಳಿಗೆಯಲ್ಲಿ 'ಅಕ್ಕಾರ' ಹೋಗಿ 'ತಂಗಿ' ಆಗಿದ್ದೆ. ಕೊನೆಯವರೆಗೂ ಹಾಗೆಯೇ ಉಳಿದೆ.

ಹೋದ ತಿಂಗಳು ಅವರು ತೀರಿಕೊಂಡರು. ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ಹತ್ತಿರದ ತಮ್ಮ ಊರಿನಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಅವರ ಅಕ್ಕನ ಮಗಳು ಫೋನು ಮಾಡಿ ಹೇಳಿದಳು. ನಾನು ಅತ್ತೆ. ಅತ್ತು ಮುಗಿದ ಮೇಲೆ ನೆನಪಾದದ್ದೆಲ್ಲ ನಗು ಬರಿಸುವಂಥದ್ದೇ, ಅದಕ್ಕೆ ನಾನೇನು ಮಾಡಲಿ? ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಅವರ ಊರಿನವರು ಮೊದಲು ಇನಿಶಿಯಲ್ ತಪ್ಪಾಗಿದೆ ಎಂದು ಫೋನು ಮಾಡುತ್ತಾರೆ.

ಅವರು ನಮ್ಮ ಕಚೇರಿಯ ಬೆರಳಚ್ಚುಗಾರರು. ಕಂಪ್ಯೂಟರಿನಲ್ಲಿ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಅವರ ಹತ್ತಿರ ಇತ್ತು. ಒಂದು ಕೀಲಿ ಒತ್ತಿದರೆ ಒಂದು ಅಕ್ಷರ ಹೇಳುತ್ತದೆ, ಇನ್ನೊಂದು ಒತ್ತಿದರೆ ಸಾಲು ಪೂರ್ತಿ ಓದುತ್ತದೆ. ಏರಿಲ್ಲ, ಇಳಿವಿಲ್ಲ, ಗೋಡೆಗೆ ಹೇಳಿದಂತೆ ಮಾತಾಡುವ ಹೆಣ್ಣು ದನಿ. ಅದಕ್ಕೆ ಅವರು ಇಟ್ಟ ಹೆಸರು 'ಅಕ್ಕೋರು', ಸಾಲಿಯಲ್ಲಿ ಕಲಿಸುವ ಅಕ್ಕೋರು ಇದ್ದ ಹಾಗೆ. "ಅಕ್ಕೋರು ಇವತ್ತ ಸಿಟ್ಟಿನ್ಯಾಗ ಅದಾರ," "ಅಕ್ಕೋರು ನಿನ್ನ ಹೆಸರು ಹೇಳೂದು ಕೇಳ್ತೀ ಏನ, ನಿಮ್ಮವ್ವ ಕೇಳಿದ್ರ ಅಳತಾಳ" ಎಂದೆಲ್ಲ ಅನ್ನುತ್ತಿದ್ದರು.

ಎರಡು ಕಿವಿಗೆ ಎರಡು ಬೇರೆ ಬೇರೆ ಇಯರ್‌ಫೋನು. ಬಲಗಿವಿಯಲ್ಲಿ ಅಕ್ಕೋರು. ಎಡಗಿವಿಯಲ್ಲಿ, ಯಾವುದೋ ಸಂಗೀತದ ಜಾಲತಾಣದಿಂದ ಬರುವ ಹಾಡು: ಒಮ್ಮೆ ತತ್ವಪದ, ಒಮ್ಮೆ ಸಿತಾರು, ಒಮ್ಮೆ ಯಾರೂ ಕೇಳದ ಹಳೆಯ ನಾಟಕದ ಹಾಡು. "ಕಣ್ಣ ಇಲ್ಲದವ್ರಿಗೆ ಕಿವಿ ಭಾಳ ಚುರುಕ ಅಲ್ಲೇನ್ರಿ ಸರ್?" ಎಂದು ಬಂದವರೆಲ್ಲ ಕೇಳುತ್ತಿದ್ದರು. "ಸುಳ್ಳ. ನಂದು ಎಡಗಿವಿ ಅರ್ಧಾನ ಕೇಳತೈತಿ. ಅದಕ್ಕ ಅದನ್ನ ಸಂಗೀತಕ್ಕ ಬಿಟ್ಟೇನಿ. ಛಲೋ ಕಿವಿ ಕಾಲೇಜಿಂದು" ಅನ್ನುತ್ತಿದ್ದರು.

ತೊಂದರೆ ಎಲ್ಲಿತ್ತೆಂದರೆ, ದಿನಾ ಮಧ್ಯಾಹ್ನ ಮೂರಕ್ಕೆ ಅವರ ಕಂಪ್ಯೂಟರು ಗಪ್ಪಾಗುತ್ತಿತ್ತು.

ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿತ್ತು. ಊಟದ ಹೊತ್ತಿಗೆ ಮಂದವಾಗುತ್ತಿತ್ತು. ಮೂರಕ್ಕೆ ಕೀಲಿ ಒತ್ತಿದರೆ ಅಕ್ಕೋರು ಯೋಚನೆ ಮಾಡಿ ಉತ್ತರ ಕೊಡುತ್ತಿದ್ದರು, ಆಮೇಲೆ ಉತ್ತರವನ್ನೇ ಕೊಡುತ್ತಿರಲಿಲ್ಲ. ನಮಗೆ ಪರದೆ ನಿಂತರೂ ಕಣ್ಣಿಗೆ ಏನಾದರೂ ಕಾಣುತ್ತದೆ. ಅವರಿಗೆ ಆ ದನಿ ನಿಂತರೆ ಟೇಬಲ್ಲಿನ ಮೇಲೆ ಇರುವುದು ಬರೀ ಬಿಸಿ ಡಬ್ಬಿ. ಆಗ ಕೈ ಕಟ್ಟಿ ಕುಳಿತುಬಿಡುತ್ತಿದ್ದರು. ಈ ಕಡೆ ವ್ಯಾಸಂಗ ಪ್ರಮಾಣಪತ್ರಕ್ಕೆ ನಿಂತ ಹುಲಗೂರಿನ ಹುಡುಗಿಯರು ನಾಲ್ಕರ ಬಸ್ಸು ತಪ್ಪುತ್ತದೆಂದು ನನ್ನ ಕಿಟಕಿಯಲ್ಲಿ ತಲೆ ತೂರಿಸಿ ಗಲಾಟೆ ಮಾಡುತ್ತಿದ್ದರು. ಬೈಸಿಕೊಳ್ಳುವವಳು ನಾನು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಸಿಪಾಯಿಗೆ ಬೈದೆ, ಹುಡುಗಿಯರಿಗೆ ಬೈದೆ, ಫ್ಯಾನಿಗೂ ಬೈದೆ. ಅವರಿಗೆ ಮಾತ್ರ ಒಂದು ಮಾತು ಅನ್ನಲಿಲ್ಲ. ಅವರಿಗೆ ಹೇಗೆ ಅನ್ನುವುದು?

ಅದರ ಬದಲು ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ನಮ್ಮ ಟೈಪಿಸ್ಟ್ ಸರ್ ಹಗಲೆಲ್ಲ ಹಾಡ ಹಚ್ಚಿ ಕುಂದರ್ತಾರ್ರಿ, ಅದಕ್ಕ ಕಂಪ್ಯೂಟರ್ ಕುಂದರತೈತ್ರಿ. ನೀವರ ಹೇಳ್ರಿ" ಎಂದು ಚಾಡಿ ಹೇಳಿ ಬಂದೆ. ಚಾಡಿ ಅಲ್ಲ, ದೂರು ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನಮ್ಮ ಪ್ರಿನ್ಸಿಪಾಲರು ಬಹಳ ಒಳ್ಳೆಯವರು. ಕಷ್ಟ ಶುರುವಾದದ್ದು ಅಲ್ಲಿಯೇ. ಮರುದಿನ ಬೆರಳಚ್ಚುಗಾರರ ಟೇಬಲ್ಲಿಗೆ ಬಂದು, ಭುಜದ ಮೇಲೆ ಕೈಯಿಟ್ಟು, "ನೀವ್ಯಾಕ್ರಿ ಸರ್ ಇಷ್ಟ ತ್ರಾಸ ತಗೊಂತೀರಿ? ಈ ಕಂಪ್ಯೂಟರ್ ಬ್ಯಾರೆಯವ್ರಿಗೆ ಕೊಡೂಣಂತ. ನೀವು ಟೆಲಿಫೋನ್ ಮುಂದ ಆರಾಮ ಕುಂದರ್ರಿ. ಪಗಾರ ತನ್ನ ಪಾಡಿಗೆ ತಾ ಬರತೈತಿ" ಅಂದರು.

ಆ ಟೆಲಿಫೋನು ವಾರಕ್ಕೆ ಎರಡು ಸಲ ರಿಂಗಾಗುತ್ತಿತ್ತು. ಅದರಲ್ಲಿ ಒಂದು ರಾಂಗ್ ನಂಬರು.

ಅವರ ಮುಖ ನಾನು ಎಂದೂ ಹಾಗೆ ನೋಡಿರಲಿಲ್ಲ. ಎಲೆ ಅಡಿಕೆ ಜಗಿಯುತ್ತಿದ್ದ ಬಾಯಿ ನಿಂತಿತು. ಸವಣೂರ ಎಲೆ ಅಂದರೆ ಅವರಿಗೆ ಪ್ರಾಣ, ಅದು ಬಾಯಲ್ಲಿದ್ದಾಗ ಮಾತಾಡುತ್ತಿರಲಿಲ್ಲ. ಎದ್ದು ಹೊರಗೆ ಹೋಗಿ ಉಗುಳಿ ಬಂದರು. "ಎಂಟ ದಿನಾ ಕೊಡ್ರಿ ಸರ್. ಯಾವದು ತಪ್ಪ ಮಾಡಾಕತ್ತೈತಿ ಹುಡುಕ್ತೇನಿ. ಸಿಗಲಿಲ್ಲಂದ್ರ ಬರು ಶನಿವಾರದಿಂದ ನಾನ ಟೆಲಿಫೋನ್ ಕಡೆ ಹೋಗಿ ಕುಂದರ್ತೇನಿ."

ಪ್ರಿನ್ಸಿಪಾಲರು ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಲ್ಲಿ ಕುಂತ್ರ, ಆ ಫೋನಿನ ಮ್ಯಾಲಿನ ಧೂಳಿಗೂ ನನಗೂ ಏನ ಫರಕ ತಂಗಿ?" ಅಂದರು. ನಾನು ಫೈಲು ಹುಡುಕುವ ನೆಪದಲ್ಲಿ ಕಪಾಟಿನೊಳಗೆ ತಲೆ ಹಾಕಿದೆ.

ಹಾಡು ನಿಲ್ಲಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅವರು ನಿಲ್ಲಿಸಿಯೂ ನೋಡಿದರು, ಎರಡು ದಿನ. ಕಂಪ್ಯೂಟರು ಐದರ ತನಕ ಚಕಚಕ ಓಡಿತು. ಓಡದೇ ಹೋದವರು ಅವರು. ಏಳು ತಾಸು ಅಕ್ಕೋರ ಒಂದೇ ದನಿ ಕೇಳಿ ಕೇಳಿ ತೂಕಡಿಕೆ ಬಂದು, ಮೂರು ಹುಡುಗರಿಗೆ ಒಬ್ಬನೇ ತಂದೆಯ ಹೆಸರು ಹೊಡೆದುಬಿಟ್ಟರು. ಮೂವರ ತಂದೆಯರೂ ನನ್ನ ಕಿಟಕಿಗೆ ಬಂದು ನನ್ನ ಜೊತೆ ಜಗಳ ತೆಗೆದರು. "ನೋಡಿದೆಯಿಲ್ಲೋ? ಹಾಡಿಲ್ಲಂದ್ರ ನಾ ಮಂದ, ಹಾಡ ಐತಿ ಅಂದ್ರ ಅದು ಮಂದ. ಹಾಡಿಂದ ಆಗಾಕತ್ತೈತಿ ಅನ್ನೂದು ಖರೆ. ಆದ್ರ ಹಾಡಿನ್ಯಾಗ ಯಾವದರಿಂದ? ಅದನ್ನ ಹುಡುಕಬೇಕು. ನಿನ್ನ ಕಣ್ಣ ಶನಿವಾರದ ತನಕ ಕಡಾ ಕೊಡು" ಅಂದರು.

ಹೀಗೆ ಯಾರ ದೂರಿನಿಂದ ಪೇಚು ಶುರುವಾಯಿತೋ ಅವಳೇ ಸಹಾಯಕ್ಕೆ ನಿಂತಳು.

ರಿಪೇರಿಯವನೊಬ್ಬ ಹುಬ್ಬಳ್ಳಿಯಿಂದ ಬಂದು, ಪೆಟ್ಟಿಗೆ ಬಿಚ್ಚಿ, ಧೂಳು ಊದಿ, "ವೈರಸ್ ಇರಬೇಕ್ರಿ" ಎಂದು ಹೇಳಿ ಹೋದ. ಅವನು ಹೋದ ಮೇಲೆ ನಮ್ಮ ಕೆಲಸ ಶುರು. ಬ್ರೌಸರಿನಲ್ಲೇ ಒಂದು ಪಟ್ಟಿ ಇರುತ್ತದೆ, ಯಾವ ಪುಟ ಎಷ್ಟು ಮೆಮರಿ ತಿನ್ನುತ್ತಿದೆ ಎಂದು ತೋರಿಸುತ್ತದೆ. ಅದನ್ನು ತೆರೆಯುವ ಕೀಲಿ ಅವರಿಗೇ ಗೊತ್ತಿತ್ತು, ಆದರೆ ಅದರ ಅಂಕಿಗಳು ಕ್ಷಣಕ್ಕೊಮ್ಮೆ ಬದಲಾಗುವುದರಿಂದ ಅಕ್ಕೋರು ಓದಿ ಮುಗಿಸುವುದರೊಳಗೆ ಹಳಸುತ್ತಿದ್ದವು. ಅದಕ್ಕೆ ನಾನು ಬೇಕು. ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾಸಿಗೊಮ್ಮೆ ಬರೆಯುವುದು ನನ್ನ ಪಾಲಿನ ಕೆಲಸ.

ಅವರ ಅಳತೆ ಬೇರೆ. ಕೀಲಿ ಒತ್ತಿ, ಅಕ್ಕೋರು ಬಾಯಿ ತೆರೆಯುವ ತನಕ ತಬಲದ ಬೋಲು ಹೇಳುತ್ತ ಎಡಗೈಯಿಂದ ಟೇಬಲ್ಲಿನ ಮೇಲೆ ತಾಳ ಹಾಕುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ 'ಧಾ' ಅನ್ನುವುದರೊಳಗೆ ದನಿ ಬರುತ್ತಿತ್ತು. ಒಂದಕ್ಕೆ 'ಧಾ ಧಿನ್'. ಎರಡೂವರೆಗೆ 'ಧಾ ಧಿನ್ ಧಿನ್ ಧಾ' ಪೂರ್ತಿ. ತಮಾಷೆಯೆಂದರೆ ನನ್ನ ಅಂಕಿಗಳೂ ಅವರ ಬೋಲುಗಳೂ ಒಟ್ಟೊಟ್ಟಿಗೇ ಏರುತ್ತಿದ್ದವು. ಒಮ್ಮೆ ನಾನು ಅಂಕಿ ತಪ್ಪು ಓದಿದಾಗ, "ಇಲ್ಲ, ಇಲ್ಲ, ಇನ್ನೂ ಧಿನ್‌ದಾಗ ಐತಿ, ಮತ್ತೊಮ್ಮೆ ನೋಡು" ಅಂದರು. ನೋಡಿದೆ. ತಪ್ಪು ನನ್ನದೇ.

ಮೊದಲನೇ ದಿನ ಪಟ್ಟಿ ತೆರೆದವಳು ಕಿಟಾರನೆ ಕಿರುಚಿದೆ. ಒಂದೇ ಸಂಗೀತದ ಜಾಲತಾಣ ಹತ್ತೊಂಬತ್ತು ಕಡೆ ತೆರೆದಿತ್ತು. ಹತ್ತೊಂಬತ್ತೂ ಹಾಡುತ್ತಿದ್ದವು, ಹದಿನೆಂಟರ ದನಿ ಮಾತ್ರ ಅಡಗಿಸಿಟ್ಟಿತ್ತು.

"ಗೊತ್ತೈತಿ," ಅಂದರು ಅವರು, ಶಾಂತವಾಗಿ. "ನಾನ ಕುಂದರ್ಸೇನಿ."

ಕಾರಣ ಕೇಳಿದರೆ ನಗಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ. ಅವರ ಊರಿನ ಭಜನೆಯಲ್ಲಿ ಒಂದು ಕಟ್ಟುನಿಟ್ಟು: ಹಾಡುವವರು ಹಾಡುತ್ತಿರುವಾಗ ನಡುವೆ ಎದ್ದು ಹೋಗುವಂತಿಲ್ಲ, ಮಂಗಳ ಆಗುವ ತನಕ ಕೂರಬೇಕು. ಎಂಟು ವರ್ಷದವರಿದ್ದಾಗ ಒಮ್ಮೆ ನಡುವೆ ಎದ್ದು ಅವರಪ್ಪನಿಂದ ಕಪಾಳಕ್ಕೆ ತಿಂದಿದ್ದರಂತೆ. ಆದ್ದರಿಂದ ಯಾರಾದರೂ ಮಾತಾಡಲು ಬಂದರೆ ಹಾಡನ್ನು ಅರ್ಧಕ್ಕೆ ಕತ್ತರಿಸುತ್ತಿರಲಿಲ್ಲ. ದನಿ ಅಡಗಿಸಿ, "ನೀವು ಹಾಡ್ರಿ, ನಾ ಬಂದೆ" ಎಂದು ಮನಸ್ಸಿನಲ್ಲೇ ಕ್ಷಮೆ ಕೇಳಿ ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಬೇರೆ ಹಾಡು ಬೇಕೆನಿಸಿದರೆ ಬೇರೆ ಪುಟ.

"ಅಲ್ರಿ ಸರ್, ಆ ಹಾಡ ಮುಗದ ಮ್ಯಾಲರ ಮುಚ್ಚಬೇಕಲ್ರಿ?"

"ಮುಗಿಬೇಕಲ್ಲ! ಒಂದ ಮುಗದ್ರ ತಾನ ಇನ್ನೊಂದ ಹಚ್ಚತೈತಿ, ಅದು ಮುಗದ್ರ ಮತ್ತೊಂದು. ನಾ ಕಾಯ್ಕೋತ ಕುಂತೇನಿ. ಆ ಹಾಳಾದ್ದಕ್ಕ ಮಂಗಳಾ ಅನ್ನೂದ ಗೊತ್ತಿಲ್ಲ ನೋಡು."

ಬಹಳ ಚೌಕಾಸಿ ಮಾಡಿದ ಮೇಲೆ ಒಪ್ಪಂದವಾಯಿತು: ನಡೆಯುತ್ತಿರುವ ಹಾಡು ಮುಗಿದ ಕೂಡಲೇ, ಮುಂದಿನದು ಬಾಯಿ ತೆರೆಯುವ ಮೊದಲು, ಪುಟ ಮುಚ್ಚುವುದು. ಹದಿನೆಂಟು ಮಂದಿಯನ್ನು ಹೀಗೆ ಒಬ್ಬೊಬ್ಬರಾಗಿ ಮರ್ಯಾದೆಯಿಂದ ಬೀಳ್ಕೊಡಲು ನಮಗೆ ಒಂದು ಮಧ್ಯಾಹ್ನ ಹಿಡಿಯಿತು. ಒಬ್ಬ ಸಿತಾರಿನವನು ನಲವತ್ತು ನಿಮಿಷ ಏಳಲೇ ಇಲ್ಲ.

ನಾನು ಗೆದ್ದೆವು ಎಂದುಕೊಂಡೆ. ಮರುದಿನ ಒಂದೇ ಪುಟ. ಆದರೂ ನಾಲ್ಕಕ್ಕೆ 'ಧಾ ಧಿನ್ ಧಿನ್ ಧಾ'. ನನಗೆ ಅಳು ಬಂತು. ಅವರಿಗೆ ಹುರುಪು ಬಂತು. "ಈಗ ಒಬ್ಬನ ಉಳದ. ಕಳ್ಳ ಯಾರಂತ ಈಗ ಗೊತ್ತಾಕ್ಕೈತಿ."

ಬಿಡಿಸಿ ಬಿಡಿಸಿ ನೋಡಿದೆವು. ಪುಟ ತೆರೆದಿಟ್ಟು ಹಾಡು ಹಚ್ಚದೆ ಬಿಟ್ಟೆವು: ಅಂಕಿ ಏರಲಿಲ್ಲ. ಒಂದೇ ಹಾಡನ್ನು ಅರ್ಧ ದಿನ ತಿರುಗಿಸಿ ಮುರುಗಿಸಿ ಹಚ್ಚಿದೆವು: ಏರಲಿಲ್ಲ. ಹಾನಗಲ್ಲಿನ ತವರಿನಲ್ಲಿ ಮಲಗಿದ್ದಾಗ ಆ ಹಾಡು ಕನಸಿನಲ್ಲಿ ಬಂದರೂ ಈಗಲೂ ಎದ್ದು ಕೂರುತ್ತೇನೆ. ಬೇರೆ ಬೇರೆ ಹಾಡು ಸಾಲಾಗಿ ಹಚ್ಚಿದೆವು: ಏರಿತು, ಒಂದೊಂದು ಹಾಡಿಗೂ ಒಂದೊಂದು ಮೆಟ್ಟಿಲು. ಪುಟವನ್ನು ಹೊಸದಾಗಿ ತೆರೆದ ಕೂಡಲೇ ಬೆಳಗಿನ ಅಂಕಿಗೆ ಇಳಿಯಿತು. ಅಂದರೆ ಹಾಡು ಮುಗಿದು ಹೋದರೂ ಅದರದ್ದೇನೋ ಒಳಗೆ ಉಳಿಯುತ್ತಿತ್ತು. ಉಂಡೆದ್ದವರ ಎಲೆ ತೆಗೆಯದೆ ಹೊಸ ಪಂಕ್ತಿ ಕೂರಿಸಿದ ಹಾಗೆ.

"ಏನ ಉಳಿತೈತಿ ಅಲ್ಲೆ? ಕೆಳಗ ಸರಿಸಿ ನೋಡು," ಅಂದರು.

ನಾನು ಪುಟವನ್ನು ಕೆಳಗೆ ಸರಿಸುತ್ತ ಹೋದೆ. ಸರಿಸಿದಷ್ಟೂ ಉದ್ದ. ಹಾಡಿ ಹೋದ ಪ್ರತಿಯೊಂದು ಹಾಡಿಗೂ ಗಾಯಕರ ದೊಡ್ಡ ಬಣ್ಣದ ಚಿತ್ರ, ಅದರ ಕೆಳಗೆ 'ನಿಮಗೆ ಇವೂ ಇಷ್ಟವಾಗಬಹುದು' ಎಂದು ಇನ್ನೂ ಇಪ್ಪತ್ತು ಚಿತ್ರ, ಅಲುಗಾಡುವ ಚಿತ್ರ, ಮಿನುಗುವ ಚಿತ್ರ. ಒಂದನ್ನೂ ಕೈಬಿಟ್ಟಿರಲಿಲ್ಲ. "ಬರೇ ಚಿತ್ರ ಅದಾವ್ರಿ ಸರ್. ನೂರಾರ ಅದಾವು," ಅಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬಂತು. "ಚಿತ್ರ! ಯಾರಿಗೆ ತೋರಸಾಕತ್ತೈತಿ ತಂಗಿ ಅದು? ಹಗಲೆಲ್ಲಾ ಕುರುಡನ ಮುಂದ ಚಿತ್ರದ ಗುಡ್ಡಾ ಹಾಕಿ, ನನ್ನ ನೌಕರಿ ತಿನ್ನಾಕತ್ತಿತ್ತಲ್ಲ! ನಾ ನೋಡಲಾರದ ಚಿತ್ರಕ್ಕ ನಾ ಯಾಕ ಜಾಗಾ ಕೊಡ್ಲಿ?"

ಆ ಜಾಲತಾಣದ ಚಿತ್ರಗಳು ಬರದಂತೆ ಬ್ರೌಸರಿನಲ್ಲಿ ತಡೆ ಹಾಕಿದೆವು. ರೋಗ ಪೂರ್ತಿ ವಾಸಿಯಾಯಿತು ಎಂದು ಸುಳ್ಳು ಹೇಳುವುದಿಲ್ಲ. ಇನ್ನೂ ಏನೋ ಸ್ವಲ್ಪ ಸ್ವಲ್ಪ ಉಳಿಯುತ್ತಲೇ ಇತ್ತು. ಅದಕ್ಕೆ ಊಟದ ಹೊತ್ತಿಗೆ ಒಮ್ಮೆ, ಮೂರಕ್ಕೆ ಒಮ್ಮೆ, ಹಾಡು ಮುಗಿದ ಸಂದು ನೋಡಿ ಪುಟವನ್ನು ಹೊಸದಾಗಿ ತೆರೆಯುವ ನಿಯಮ ಮಾಡಿದರು. ಅದಕ್ಕೆ ಅವರೇ ಇಟ್ಟ ಹೆಸರು ಮಂಗಳ. "ಅದಕ್ಕ ಬರೂದಿಲ್ಲಲ್ಲ, ನಾವ ಮಾಡೂಣು."

ಜಾಲತಾಣದವರಿಗೂ ಒಂದು ಉದ್ದ ಪತ್ರ ಬರೆದರು, ಅಂಕಿಗಳ ಸಮೇತ. ಅವರಿಂದ ಉತ್ತರ ಬಂತು: ದಯವಿಟ್ಟು ನಿಮಗೆ ಕಾಣುತ್ತಿರುವ ಪರದೆಯ ಚಿತ್ರವನ್ನು ಕಳಿಸಿ. ಇವರು ಕೀಲಿ ಒತ್ತಿ ಚಿತ್ರ ತೆಗೆದು ಕಳಿಸಿಯೂ ಬಿಟ್ಟರು. "ಏನ ಕಳಿಸಿದ್ರಿ ಸರ್?" ಎಂದು ಕೇಳಿದೆ. "ನನಗೇನ ಗೊತ್ತು? ಅವ್ರಿಗೆ ಕಾಣಸ್ತೈತಿ" ಅಂದರು. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ.

ಶನಿವಾರ ಬಂತು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಅದೇ ಆದ್ದರಿಂದ ಸಾಲು ಗೇಟಿನ ತನಕ ಹೋಗಿತ್ತು. ಪ್ರಿನ್ಸಿಪಾಲರು ಸಪ್ಪಳ ಮಾಡದೆ ಬಂದು ಅವರ ಹಿಂದೆ ನಿಂತರು. "ಹಿಂದ ಯಾಕ ನಿಂತ್ರಿ ಸರ್? ಮುಂದ ಬರ್ರಿ, ಸಹಿ ಮಾಡಾಕ ಸಮೀಪ ಆಗತೈತಿ," ಅಂದರು ಇವರು, ಟೈಪು ಮಾಡುತ್ತಲೇ. ಎಡಗಿವಿಯಲ್ಲಿ ಯಾರೋ ತಾರಕದಲ್ಲಿ ಹಾಡುತ್ತಿದ್ದರು, ನನ್ನ ಟೇಬಲ್ಲಿಗೂ ಕೇಳಿಸುತ್ತಿತ್ತು. ಮೂರು ದಾಟಿತು. ಅಕ್ಕೋರು 'ಧಾ'ದಲ್ಲೇ ಇದ್ದರು. ಹುಲಗೂರಿನ ಕೊನೆಯ ಹುಡುಗಿ ಕಾಗದ ಹಿಡಿದು ಬಸ್ಸಿಗೆ ಓಡಿದಳು. ಟೆಲಿಫೋನಿನ ಮಾತನ್ನು ಪ್ರಿನ್ಸಿಪಾಲರು ಮತ್ತೆ ಎತ್ತಲಿಲ್ಲ.

ಅದಾದ ಎರಡು ವರ್ಷಕ್ಕೆ ಅವರ ನಿವೃತ್ತಿ. ಬೆಳಿಗ್ಗೆಯೇ ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮುಗಿದವು. 'ಕತ್ತಲೆಯಲ್ಲೂ ಬೆಳಕು ಕಂಡವರು' ಎಂದು ಒಬ್ಬ ಪ್ರಾಧ್ಯಾಪಕರು ಗದ್ಗದರಾದಾಗ ಇವರು ನನ್ನ ಕಡೆ ಬಾಗಿ, "ಇನ್ನ ಎಷ್ಟ ಹೊತ್ತ?" ಎಂದು ಕೇಳಿದ್ದರು. ಇವತ್ತಾದರೂ ಆರಾಮ ಕೂರಿರಿ ಎಂದು ಎಲ್ಲರೂ ಹೇಳಿದರು. "ಐದರ ತನಕ ನಾ ನೌಕರ ಅದೇನಿ" ಎಂದು ಶಾಲು ಮಡಚಿಟ್ಟು ತಮ್ಮ ಟೇಬಲ್ಲಿಗೆ ಹೋಗಿ ಕುಳಿತರು. ಅವತ್ತು ಅವರು ಹೊಡೆಯಬೇಕಾಗಿದ್ದ ಕೊನೆಯ ಕಾಗದ ಅವರದೇ ಬಿಡುಗಡೆ ಆದೇಶ.

ನನಗೆ ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ ನಿಂತು, "ಸರ್, ಅವಾಗ ಪ್ರಿನ್ಸಿಪಾಲರ ಮುಂದ ನಿಮ್ಮ ಮ್ಯಾಲ ಹೇಳಿದಾಕಿ ನಾನ್ರಿ" ಅಂದೆ.

ಅವರ ಬೆರಳು ನಿಂತವು. ಗೊತ್ತಿತ್ತು ಬಿಡು ಎಂದು ನಗುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಗೊತ್ತಿರಲಿಲ್ಲ. ಎರಡೂ ಇಯರ್‌ಫೋನು ಕಿವಿಯಿಂದ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಹೇಳಿದ್ದು ತಪ್ಪಲ್ಲ," ಅಂದರು. "ನಿನ್ನ ಕೆಲಸ ನಿಂತಿತ್ತು. ಆದ್ರ ನನಗ್ಯಾಕ ಹೇಳಲಿಲ್ಲ? ಸಿಪಾಯಿಗೆ ಬೈತೀದಿ, ಹುಡುಗ್ಯಾರಿಗೆ ಬೈತೀದಿ, ದಿನಾ ಕೇಳ್ತೇನಿ. ನನಗ ಯಾಕ ಬೈಲಿಲ್ಲ?"

"ನಿಮಗ ಹೆಂಗ್ರಿ ಸರ್..." ಎಂದು ತೊದಲಿದೆ.

"ಹಾಂ. ಎಲ್ಲಾರದೂ ಅದ ಮಾತು. ನನಗ ಅನ್ನೂದಿಲ್ಲ, ನನ್ನ ಬಗ್ಗೆ ಅಂತಾರ. ಇನ್ನ ಐದಕ್ಕ ಹತ್ತ ನಿಮಿಷ ಐತಿ. ಅವಾಗ ಏನ ಬೈಬೇಕಂತಿದ್ದಿ, ಈಗ ಬೈ."

ಹುಲಗೂರಿನ ಹುಡುಗಿಯೊಬ್ಬಳು ಬಸ್ಸು ತಪ್ಪಿ ಗೇಟಿನಲ್ಲಿ ಅಳುತ್ತ ಕುಳಿತದ್ದು, ನಾನು ಕಿಟಕಿಯಲ್ಲಿ ಊರೆಲ್ಲರ ಬಾಯಿಂದ ಅನ್ನಿಸಿಕೊಂಡದ್ದು ಒಂದೊಂದೇ ನೆನಪಾಗಿ ಸಿಟ್ಟು ನಿಜವಾಗಿಯೇ ಏರಿತು. "ಬುದ್ಧಿ ಇದ್ದವ್ರು ಹತ್ತೊಂಬತ್ತ ಮಂದೀನ ಹಾಡಾಕ ಹಚ್ಚತಾರೇನ್ರಿ? ಕಚೇರಿ ಅಂತ ತಿಳದೀರೋ, ನಿಮ್ಮೂರ ಭಜನಿ ಕಟ್ಟಿ ಅಂತ ತಿಳದೀರೋ? ನಿಮ್ಮ ಸಿತಾರಿನವ ಏಳೂದಿಲ್ಲಂತ ನಾ ಯಾಕ್ರಿ ಮಂದಿ ಕಡೆಯಿಂದ ಬೈಸ್ಕೋಬೇಕು?" ಎಂದು ಶುರು ಮಾಡಿದವಳು ಎಲ್ಲಿ ನಿಲ್ಲಿಸಬೇಕೋ ತಿಳಿಯದೆ, ಎಲೆ ಅಡಿಕೆ ಉಗುಳಲು ಹೋಗಿ ಕಾಲು ತಾಸು ಬರದಿದ್ದುದನ್ನೂ ಸೇರಿಸಿ, ದನಿ ಏರಿಸಿ ಬೈದೆ. ಅವರೂ ಬಿಡಲಿಲ್ಲ. "ನೀ ಹನ್ನೊಂದಕ್ಕ ಬರ್ತೀದಿ, ಹತ್ತಕ್ಕ ಬಂದೆ ಅಂತ ಬರೀತೀದಿ, ಅದನ್ನ ನಾ ಯಾರಿಗರ ಹೇಳೇನೇನು?" ಎಂದು ತಿರುಗಿ ಬಿದ್ದರು. ಪಡಸಾಲೆಯಲ್ಲಿ ಹೋಗುತ್ತಿದ್ದ ಹುಡುಗರು ಬಾಗಿಲಲ್ಲಿ ಗುಂಪುಗೂಡಿದರು. ಪ್ರಿನ್ಸಿಪಾಲರು ಗಾಬರಿಯಾಗಿ ಓಡಿ ಬಂದು, "ಅಕ್ಕಾರ, ಏನ್ರಿ ಇದು? ಇವತ್ತ ಅವ್ರಿಗೆ ಹಿಂಗ ಅನಬಾರ್ದ್ರಿ!" ಅಂದರು.

"ನೀವು ನಡುವ ಬರಬ್ಯಾಡ್ರಿ ಸರ್," ಅಂದರು ಅವರು, ಮುಖವೆಲ್ಲ ನಗುವಾಗಿ. "ಇಪ್ಪತ್ತೆಂಟ ವರ್ಷದ ನೌಕರ್ಯಾಗ ಮೊದಲನೇ ಸಲ ಒಬ್ಬರು ನನ್ನ ಜೋಡಿ ಜಗಳಾಡಾಕತ್ತಾರ."